ಕಾಲುದಾರಿಯ ಓಟಕ್ಕೆ ಪೂರ್ವಸಿದ್ಧತೆ

ಕಾಲುದಾರಿಯ ಓಟವೆಂದರೆ ಗುಡ್ಡ, ಹೊಲ, ಹಳ್ಳಗಳನ್ನು ಹಾಯ್ದು ಹೋಗುವ ದೂರದ ಪಂದ್ಯ. ಇದರಲ್ಲಿ ನೆಲವೇ ಓಟಗಾರನ ಮೊದಲನೆಯ ಪರೀಕ್ಷಕ.

ನಮ್ಮ ಸೀಮೆಯ ನೆಲವು ಒಂದೇ ಬಗೆಯದಲ್ಲ. ಜಹೀರಾಬಾದಿನ ಕೆಂಪು ಗರಸಿನ ಮೇಲೆ ಹೆಜ್ಜೆ ಜಾರುತ್ತದೆ. ನಾರಾಯಣಖೇಡದ ಕಡೆಯ ಎರೆಮಣ್ಣು ಮಳೆ ಬಿದ್ದೊಡನೆ ಪಾದರಕ್ಷೆಗೆ ಮೆತ್ತಿ ಭಾರವಾಗುತ್ತದೆ. ತಾಂಡೂರಿನ ಫರಸಿಕಲ್ಲು ನೆನೆದಾಗ ನುಣುಪಾಗುತ್ತದೆ. ಆದುದರಿಂದ ಪಂದ್ಯದ ನೆಲವನ್ನು ಹೋಲುವ ಹಾದಿಯಲ್ಲಿಯೇ ಅಭ್ಯಾಸ ಮಾಡಬೇಕು.

ಏರಿನಲ್ಲಿ ಹೆಜ್ಜೆ ಗಿಡ್ಡವಾಗಿರಲಿ. ಏದುಸಿರು ಬಂದಾಗ ನಡೆಯುವುದು ಹೀನವಲ್ಲ. ಇಳಿಜಾರಿನಲ್ಲಿ ಮೊಣಕಾಲನ್ನು ಕೊಂಚ ಮಡಿಸಿ, ದೃಷ್ಟಿಯನ್ನು ಎರಡು ಮೂರು ಮಾರು ಮುಂದಿಡಬೇಕು. ದೂರವನ್ನು ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ, ವಾರದಲ್ಲಿ ಒಂದು ದಿನವಾದರೂ ವಿಶ್ರಮಿಸಬೇಕು.

ಎಲ್ಲಕ್ಕಿಂತ ದೊಡ್ಡ ಶತ್ರು ಬಿಸಿಲು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ ಮ್ಯಾರಥಾನಿನಲ್ಲಿ ಪೋರ್ತುಗಲ್ಲಿನ ಫ್ರಾನ್ಸಿಸ್ಕೊ ಲಾಜರೊ ಎಂಬ ಓಟಗಾರನು ಬಿಸಿಲಿನಲ್ಲಿ ಕುಸಿದು ಮರುದಿನ ಅಸುನೀಗಿದನು. ಬೆಳಗಿನ ತಂಪಿನಲ್ಲಿ ಅಭ್ಯಾಸವನ್ನಾರಂಭಿಸಿ, ಮೈಯನ್ನು ಬಿಸಿಲಿಗೆ ಮೆಲ್ಲಮೆಲ್ಲನೆ ಒಗ್ಗಿಸಬೇಕು. 1 ಲೀಟರು ಶುದ್ಧವಾದ ನೀರಿಗೆ 6 ಚಹಾ ಚಮಚೆ ಸಕ್ಕರೆಯನ್ನೂ ಅರ್ಧ ಚಮಚೆ ಉಪ್ಪನ್ನೂ ಬೆರೆಸಿ, ದಾರಿಯಲ್ಲಿ ಗುಟುಕು ಗುಟುಕಾಗಿ ಕುಡಿಯಬೇಕು. ಮಾತು ತೊದಲಿ ದಿಕ್ಕು ತೋಚದಂತಾದವನನ್ನು ಕೂಡಲೇ ನೆರಳಿಗೆ ಒಯ್ದು, ಮೈಗೆ ತಣ್ಣೀರು ಸುರಿದು, ಗಾಳಿ ಬೀಸುತ್ತ ಆಸ್ಪತ್ರೆಗೆ ಸಾಗಿಸಬೇಕು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಲಾಗದು.

ಬೆಳಗಾವಿಯ ಫಡೆಪ್ಪ ಚೌಗುಲೆಯವರು 1920ರ ಆಂಟ್ವರ್ಪ್ ಒಲಿಂಪಿಕ್ ಮ್ಯಾರಥಾನನ್ನು 19ನೆಯವರಾಗಿ ಮುಗಿಸಿದರು. ಪದಕವಿಲ್ಲದ ಆ ಓಟವನ್ನು ನಾವು ಇಂದಿಗೂ ನೆನೆಯುತ್ತೇವೆ. ಮುಗಿಸುವುದು ಕೀರ್ತಿಯೇ ಸರಿ. ಆದರೆ ದೇಹವು ಒಲ್ಲೆನೆಂದಾಗ ನಿಲ್ಲುವುದನ್ನೂ ನಾವು ನಮ್ಮ ಮಕ್ಕಳಿಗೆ ಕಲಿಸಬೇಕು. ಪಂದ್ಯವು ಮತ್ತೆ ಬಂದೀತು. ಹೋದ ಪ್ರಾಣ ಮರಳಿ ಬಾರದು.