ಹಂದಿಯ ನೆಣ ಅಳೆಯುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಹಂದಿ ಕೊಯ್ಯುವ, ಸೀಳುವ, ತೂಗುವ, ಲೆಕ್ಕ ಬರೆಯುವ ಎಲ್ಲರಿಗೂ ಈ ಸೂಚನೆ. ಬೆನ್ನಿನ ನೆಣ ನೋಡಿ ದರ ಕಟ್ಟುವ ಕಡೆ, ತಿಂಗಳುಗಟ್ಟಲೆ ಮೇವು ಹಾಕಿ ಸಾಕಿದವರ ದುಡ್ಡು ನಾಲ್ಕೈದು ಮಿಲಿಮೀಟರಿನಲ್ಲಿ ಹೆಚ್ಚುಕಡಿಮೆ ಆಗಿಬಿಡುತ್ತದೆ. ಕಣ್ಣಳತೆ, ಬೆರಳಳತೆ ಇಲ್ಲಿ ನಡೆಯುವುದಿಲ್ಲ.

ಮಾಡಬೇಕಾದ್ದು

ಮೊದಲು ತೂಕ. ಕೊಯ್ದು, ಶುಚಿ ಮಾಡಿ, ಒಳಾಂಗ ತೆಗೆದ ಕೂಡಲೇ ತೂಗಿ ಹೊತ್ತು ಬರೆಯಿರಿ. ಐರೋಪ್ಯ ಒಕ್ಕೂಟದ ನಿಯಮದಲ್ಲಿ ಚೂರಿ ಹಾಕಿದ 45 ನಿಮಿಷದೊಳಗೆ ತೂಕ ಆಗಬೇಕು; ಆ ಬಿಸಿ ತೂಕದಲ್ಲಿ ಶೇ. 2 ಕಳೆದರೆ ತಣ್ಣನೆಯ ತೂಕ. ತಲೆ, ಮೂತ್ರಪಿಂಡ, ಹೊಟ್ಟೆಯ ಒಳನೆಣ ಸೇರಿದೆಯೋ ಇಲ್ಲವೋ ಎಂಬುದನ್ನು ತೂಕದ ಪಕ್ಕದಲ್ಲೇ ಬರೆಯಿರಿ.

ಗರಗಸ ಬೆನ್ನುಮೂಳೆಯ ನಟ್ಟನಡುವೆ ಇಳಿಯಬೇಕು. ನಡುಗೆರೆಯ ಮೇಲಿನ ನೆಣದ ದಪ್ಪವೇ ಬೇರೆ, ಎರಡು ಬೆರಳು ಆಚೆಯದೇ ಬೇರೆ. ಸೀಳು ಓರೆಯಾಗಿದ್ದರೆ ಹಾಗೆಂದೇ ಬರೆಯಿರಿ, ಮುಚ್ಚಿಡಬೇಡಿ.

ಸ್ಕೇಲಿನಿಂದ ಅಳೆಯುವವರು ಮೂರು ಕಡೆ ಅಳೆಯಬೇಕು: ಮೊದಲ ಪಕ್ಕೆಲುಬಿನ ನೇರಕ್ಕೆ, ಕೊನೆಯ ಪಕ್ಕೆಲುಬಿನ ನೇರಕ್ಕೆ, ಸೊಂಟದ ಕೊನೆಯ ಬೆನ್ನುಮಣಿಯ ನೇರಕ್ಕೆ. ಹಂದಿಯನ್ನು ಹಿಂಗಾಲಿನಿಂದ ತೂಗುಹಾಕಿರುತ್ತೀರಿ, ಆದ್ದರಿಂದ ಮೊದಲ ಪಕ್ಕೆಲುಬು ಕೆಳಗೆ, ಸೊಂಟ ಮೇಲೆ. ಹೊಸಬರು ಇದನ್ನು ಅದಲುಬದಲು ಬರೆಯದಂತೆ ಪಕ್ಕದಲ್ಲಿ ನಿಂತು ತೋರಿಸಿಕೊಡಿ. ಅಂಚಿನಿಂದಲೇ ಸೊನ್ನೆ ಶುರುವಾಗುವ ಉಕ್ಕಿನ ಸ್ಕೇಲನ್ನು ತೊಗಲಿಗೆ ಲಂಬವಾಗಿ ಹಿಡಿಯಿರಿ. 38, 24, 22 ಮಿಲಿಮೀಟರ್ ಬಂದರೆ ಮೊತ್ತ 84, ಸರಾಸರಿ 28. ಮೂರನ್ನೂ ಬರೆಯಿರಿ, ಸರಾಸರಿಯೊಂದೇ ಸಾಲದು.

ತೊಗಲು ಸೇರಿಸಿ ಅಳೆದಿರೋ, ಬಿಟ್ಟು ಅಳೆದಿರೋ ಎಂಬುದನ್ನು ಬರೆಯಲೇಬೇಕು. ಕೊಡಗಿನಲ್ಲಾಗಲಿ ಮಂಗಳೂರಿನಲ್ಲಾಗಲಿ ಗಿರಾಕಿ ತೊಗಲಿರುವ ಮಾಂಸವನ್ನೇ ಕೇಳುತ್ತಾನೆ. ಪಂದಿ ಕರಿಗೆ ತೊಗಲು, ನೆಣ, ಮಾಂಸ ಮೂರೂ ಒಂದೇ ತುಂಡಿನಲ್ಲಿ ಇರಬೇಕು. ಹಾಗಾಗಿ ಇಲ್ಲಿನ ಅಳತೆ ತೊಗಲು ಸೇರಿಸಿಯೇ ಇರಲಿ. ತೊಗಲು ಸುಲಿದ ಹಂದಿಯಲ್ಲಿ ಕೆಲವು ಕಡೆ ತೊಗಲಿನ ಜೊತೆ ನೆಣವೂ ಕಿತ್ತು ಬಂದಿರುತ್ತದೆ. ಅಂಥ ಜಾಗದ ಅಳತೆಯನ್ನು ದರಕ್ಕೆ ಹಿಡಿಯಬೇಡಿ.

ಬೆನ್ನಿನ ಸ್ನಾಯುವಿನ ವಿಸ್ತೀರ್ಣ ಬೇಕಿದ್ದರೆ ಸೀಳಿದ ಹಂದಿ ಚೆನ್ನಾಗಿ ತಣ್ಣಗಾದ ಮೇಲೆ 10 ಮತ್ತು 11ನೇ ಪಕ್ಕೆಲುಬಿನ ನಡುವೆ ಕೊಯ್ದು, ಪಾರದರ್ಶಕ ಹಾಳೆ ಇಟ್ಟು ಗೆರೆ ಎಳೆದು, ಚದರ ಸೆಂಟಿಮೀಟರಿನಲ್ಲಿ ಎಣಿಸಿ.

ಮಾಡಬಾರದ್ದು

ಬಿಸಿ ನೆಣ ಮೆತ್ತಗಿರುತ್ತದೆ. ಸ್ಕೇಲನ್ನಾಗಲಿ ಕ್ಯಾಲಿಪರನ್ನಾಗಲಿ ಅದರೊಳಗೆ ಒತ್ತಬೇಡಿ. ಒತ್ತಿದಷ್ಟೂ ಹಂದಿ ತೆಳ್ಳಗೆ ಕಾಣುತ್ತದೆ.

ಭುಜದ ಕಡೆಯ ನೆಣ ಸಾಮಾನ್ಯವಾಗಿ ದಪ್ಪ. ಅದೊಂದನ್ನೇ ತೋರಿಸಿ ದರ ಮುರಿಯುವುದು ಅನ್ಯಾಯ, ಅದಕ್ಕೆ ಈ ಅಂಗಳದಲ್ಲಿ ಅವಕಾಶವಿಲ್ಲ.

ಚುಚ್ಚಿ ಅಳೆಯುವ ಯಂತ್ರವಿದ್ದರೆ ಓರೆಯಾಗಿ ಚುಚ್ಚಬೇಡಿ, ಒಮ್ಮೆ ಚುಚ್ಚಿದ ತೂತಿಗೇ ಮತ್ತೆ ಚುಚ್ಚಬೇಡಿ. ಬಿಳಿ ನೆಣ ಬೆಳಕನ್ನು ಹೆಚ್ಚು ಹಿಂದಿರುಗಿಸುತ್ತದೆ, ಕೆಂಪು ಮಾಂಸ ಕಡಿಮೆ. ಈ ವ್ಯತ್ಯಾಸ ಹಿಡಿದೇ ಯಂತ್ರ ಆಳ ಹೇಳುವುದು. ಮೊನೆಗೆ ನೆಣ ಮೆತ್ತಿಕೊಂಡಿದ್ದರೆ ಅಥವಾ ಮಾಂಸವೇ ಬಿಳಿಚಿ ನೀರೊಡೆದಿದ್ದರೆ ಅದು ತಪ್ಪು ಹೇಳುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಮಿಲಿಮೀಟರನ್ನು ಮನಸ್ಸಿಗೆ ಬಂದಂತೆ ಶೇಕಡಾ ಮಾಂಸವಾಗಿ ಬದಲಿಸಬೇಡಿ. ಯುರೋಪಿನಲ್ಲಿ ಶೇ. 60 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಎಸ್, 55ರಿಂದ 60ರೊಳಗೆ ಇ, ಹೀಗೆ ಇಳಿಯುತ್ತಾ 40ಕ್ಕಿಂತ ಕಡಿಮೆಯಾದರೆ ಪಿ ಎಂಬ ದರ್ಜೆಗಳಿವೆ. ಆ ಶೇಕಡಾ ಲೆಕ್ಕದ ಹಿಂದೆ ದೊಡ್ಡ ಕೆಲಸವಿದೆ. ಆಯಾ ದೇಶದ ಹಂದಿಗಳಲ್ಲಿ ಕನಿಷ್ಠ 120ರ ಮಾಂಸದ ಪ್ರಮಾಣವನ್ನು ನಿಖರವಾಗಿ ಅಳೆದು, ಅದರಿಂದ ಸೂತ್ರ ಕಟ್ಟಬೇಕೆಂಬುದು ಅಲ್ಲಿನ ನಿಯಮ. ಜರ್ಮನಿಯ ಹಂದಿಗೆ ಕಟ್ಟಿದ ಸೂತ್ರವನ್ನು ನಮ್ಮ ನಾಟಿ ಹಂದಿಗೋ ಯಾರ್ಕ್‌ಶೈರ್ ಮಿಶ್ರತಳಿಗೋ ಹಾಕಿ ಬಂದ ಅಂಕಿಯನ್ನು ಚೀಟಿಯಲ್ಲಿ ಬರೆದರೆ ಅದು ಸಾಕಿದವರಿಗೆ ಮಾಡುವ ಮೋಸ. ನಮ್ಮ ತಳಿಗೆಂದು ಕಟ್ಟಿದ ಸೂತ್ರ ಕೈಯಲ್ಲಿಲ್ಲದಿದ್ದರೆ ಮಿಲಿಮೀಟರ್ ಬರೆದು ಅಲ್ಲಿಗೇ ನಿಲ್ಲಿಸಿ.

ಅಳೆಯುವಾಗ ಸಾಕಿದವರನ್ನು ಹೊರಗೆ ಕಳಿಸಬೇಡಿ. ಅವರು ಇನ್ನೊಮ್ಮೆ ಅಳೆಯಿರಿ ಎಂದರೆ ಅಳೆಯಿರಿ. ದರ ಹೇಳಿದ ಮೇಲೆ ಅಳತೆ ತಿದ್ದಬೇಡಿ. ಅದಕ್ಕೂ ಮೊದಲು ತಿದ್ದಬೇಕಾಗಿ ಬಂದರೆ ಹಳೆಯ ಅಂಕಿ ಓದಲು ಬರುವಂತೆ ಒಂದೇ ಗೀಟು ಎಳೆದು, ಹೊಸದನ್ನು ಪಕ್ಕದಲ್ಲಿ ಬರೆದು, ಅಳೆದವರು, ಸಾಕಿದವರು ಇಬ್ಬರೂ ಸಹಿ ಹಾಕಿ.