ಆಷಾಢದ ಬಡ್ಡಿ

ಪಿಂಚಣಿ ಬರುವುದು ತಿಂಗಳಿಗೊಮ್ಮೆ, ಖರ್ಚು ಬರುವುದು ಹಬ್ಬಕ್ಕೊಮ್ಮೆ. ನಿವೃತ್ತರಿಗೆ ಬಜೆಟ್ ಹಾಕಿಕೊಡುವ ಲೇಖನಗಳನ್ನು ಓದುತ್ತಿರುತ್ತೇನೆ. ದಿನಸಿಗೆ ಇಷ್ಟು, ಔಷಧಿಗೆ ಇಷ್ಟು, ಕರೆಂಟಿಗೆ ಇಷ್ಟು ಎಂದು ಎಲ್ಲದರಲ್ಲೂ ತಿಂಗಳ ಲೆಕ್ಕವೇ. ಬರೆದವರು ಗೌರಿ ಹಬ್ಬದಿಂದ ತುಳಸಿ ಹಬ್ಬದವರೆಗೆ ಶಿವಮೊಗ್ಗದಲ್ಲಿ ಸಂಸಾರ ಮಾಡಿದವರಂತೆ ಕಾಣುವುದಿಲ್ಲ. ಮಿಕ್ಕ ತಿಂಗಳುಗಳಲ್ಲಿ ನಮ್ಮಿಬ್ಬರ ಖರ್ಚು ಕೈಮೀರುವುದೇ ಅಪರೂಪ. ಮಳೆ ಹಿಂದೆ ಸರಿದು ಬಿಸಿಲು ಬಿತ್ತೋ, ಗೃಹಪ್ರವೇಶ, ನಾಮಕರಣ, ಊರಿನ ಭೂಮಿ ಹುಣ್ಣಿಮೆ, ಮೊಮ್ಮಕ್ಕಳ ದಸರಾ ರಜೆ, ದೀಪಾವಳಿ ಎಂದು ಎರಡು-ಮೂರು ತಿಂಗಳಲ್ಲಿ ವರ್ಷದ ಗಂಟೇ ಬಿಚ್ಚಿಕೊಳ್ಳುತ್ತದೆ.

ನಾನು ಭದ್ರಾವತಿಯ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್‌ನಲ್ಲಿ ದುಡಿದು 2015ರಲ್ಲಿ ನಿವೃತ್ತನಾದವನು. ಹೆಂಡತಿ ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರ್ ಆಗಿದ್ದವಳು. ಸಂಬಳ ಬರುತ್ತಿದ್ದಾಗ ನನ್ನದೇ ಮೇಲುಗೈ. ಈಗ ಮನೆ ನಡೆಯುವುದು ಅವಳ ಪಿಂಚಣಿಯಲ್ಲಿ. ಅವಳದಕ್ಕೆ ತುಟ್ಟಿಭತ್ಯೆ ಸೇರುತ್ತಾ ಹೋಗುತ್ತದೆ. ನನ್ನದು 1995ರ ನೌಕರರ ಪಿಂಚಣಿ ಯೋಜನೆಯದು. ಅದಕ್ಕೆ ತುಟ್ಟಿಭತ್ಯೆಯೇ ಇಲ್ಲ. 2014ರ ಸೆಪ್ಟೆಂಬರ್‌ವರೆಗೆ ನನ್ನಂಥವರ ಸಂಬಳ ಎಷ್ಟೇ ಇದ್ದರೂ ಪಿಂಚಣಿಯ ಲೆಕ್ಕಕ್ಕೆ ಹಿಡಿದದ್ದು ತಿಂಗಳಿಗೆ 6,500 ರೂಪಾಯಿ ಮಾತ್ರ. ಹಾಗಾಗಿ ನನ್ನ ಪಿಂಚಣಿ ಮೂರು ಸಾವಿರದ ಒಳಗೇ ಉಳಿಯಿತು. ಭದ್ರಾವತಿಯ ನ್ಯೂಟೌನಿನಲ್ಲೋ ಪೇಪರ್‌ಟೌನಿನಲ್ಲೋ ಯಾರನ್ನು ಮಾತನಾಡಿಸಿದರೂ ಇದೇ ಕಥೆ. ಅಲ್ಲಿ ನಿವೃತ್ತರ ಜೀವನ ನಿಂತಿರುವುದು ಪಿಂಚಣಿಯ ಮೇಲಲ್ಲ, ಪಿಎಫ್, ಗ್ರಾಚ್ಯುಟಿಯ ಗಂಟಿನ ಮೇಲೆ. ಆ ಗಂಟನ್ನು ಎಲ್ಲಿಟ್ಟರು, ಯಾರಿಗೆ ಕೊಟ್ಟರು ಎಂಬುದರ ಮೇಲೆಯೇ ಒಬ್ಬೊಬ್ಬರ ಮುಪ್ಪು ಒಂದೊಂದು ಥರ ಆಗಿದೆ.

ನನ್ನ ಗಂಟಿನಲ್ಲಿ ಹದಿನೈದು ಲಕ್ಷ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹೋಯಿತು. ಆಗ ಒಬ್ಬರಿಗೆ ಅಷ್ಟೇ ಮಿತಿ. 2023ರ ಏಪ್ರಿಲ್‌ನಿಂದ ಮೂವತ್ತು ಲಕ್ಷ ಆಗಿದೆ. ಖಾತೆ ತೆರೆದ ದಿನ ಇದ್ದ ದರವೇ ಐದು ವರ್ಷವೂ ಸಿಗುತ್ತದೆ, ನಡುವೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. 2015ರಲ್ಲಿ ಶೇ 9.3 ಇತ್ತು, ಮೂರು ತಿಂಗಳಿಗೆ 34,875 ರೂಪಾಯಿ ಬರುತ್ತಿತ್ತು. 2020ರ ಮಧ್ಯದಲ್ಲಿ ಅವಧಿ ಮುಗಿದು ಹೊಸ ಖಾತೆ ತೆರೆಯುವಾಗ ದರ ಶೇ 7.4ಕ್ಕೆ ಕುಸಿದಿತ್ತು; ಬಡ್ಡಿ 27,750ಕ್ಕೆ ಇಳಿಯಿತು. ಅದೇ ಐದು ವರ್ಷಗಳಲ್ಲಿ ಎಣ್ಣೆ, ಬೇಳೆ, ಬಿಪಿ ಮಾತ್ರೆ ಎಲ್ಲವೂ ಮೇಲೇರಿದವು. 2025ರಲ್ಲಿ ಮತ್ತೆ ತೆರೆದಾಗ ಶೇ 8.2, ಅಂದರೆ 30,750. ಹತ್ತು ವರ್ಷ ಕಳೆದರೂ ಬಡ್ಡಿ ಮೊದಲಿನ ಮಟ್ಟಕ್ಕೆ ಬಂದಿಲ್ಲ. ಇಡಿಯ ಮೊತ್ತವನ್ನು ಒಂದೇ ದಿನ ಒಂದೇ ದರಕ್ಕೆ ಕಟ್ಟಿಹಾಕುವ ಬದಲು ಎರಡು-ಮೂರು ಖಾತೆಗಳಾಗಿ, ಬೇರೆ ಬೇರೆ ವರ್ಷಗಳಲ್ಲಿ ಇಡುವುದು ಕ್ಷೇಮ ಎಂದು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ.

ಈ ಬಡ್ಡಿ ಬರುವುದು ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ತಿಂಗಳ ಆರಂಭದಲ್ಲಿ. ನಮ್ಮ ಪಂಚಾಂಗ ನೋಡಿಯೇ ದಿನ ಗೊತ್ತು ಮಾಡಿದ ಹಾಗಿದೆ: ಏಪ್ರಿಲ್‌ನದು ಯುಗಾದಿ ಮತ್ತು ಮದುವೆಗಳಿಗೆ, ಜನವರಿಯದು ಸಂಕ್ರಾಂತಿಗೆ, ಅಕ್ಟೋಬರ್‌ನದು ದಸರೆಗೆ. ಜುಲೈ ಮಾತ್ರ ಬಿಟ್ಟಿ. ಆಷಾಢದಲ್ಲಿ ಶುಭಕಾರ್ಯವಿಲ್ಲ, ಹೊರಗೆ ಜಡಿಮಳೆ, ತುಂಗೆ ದಡ ಮುಟ್ಟಿ ಹರಿಯುತ್ತಿರುತ್ತಾಳೆ, ಕೊಡೆ ಹಿಡಿದು ಹಾಲಿನಂಗಡಿಗೆ ಹೋಗಿ ಬಂದರೆ ಅದೇ ದೊಡ್ಡ ಪ್ರಯಾಣ. ದುಡ್ಡು ಖರ್ಚಾಗುವ ದಾರಿಯೇ ಇರುವುದಿಲ್ಲ. ಆದ್ದರಿಂದ ಜುಲೈ ಬಡ್ಡಿಯನ್ನು ಮುಟ್ಟಬಾರದು ಎಂಬುದು ನಮ್ಮ ಮನೆಯ ಕಟ್ಟಳೆ. ಅದು ಪೂರ್ತಿ ಶರತ್ಕಾಲದ್ದು. ಅಕ್ಟೋಬರ್ ಬಡ್ಡಿಯನ್ನು ನೆಚ್ಚಿ ದಸರೆ ಮಾಡುತ್ತೇನೆ ಎನ್ನುವವರು 2025ರ ಕ್ಯಾಲೆಂಡರ್ ನೋಡಬೇಕು. ಅಕ್ಟೋಬರ್ 1ಕ್ಕೆ ಆಯುಧಪೂಜೆ, 2ಕ್ಕೆ ವಿಜಯದಶಮಿ. ಬಡ್ಡಿ ಕೈಗೆ ಸಿಗುವ ಹೊತ್ತಿಗೆ ಗಾಂಧಿ ಬಜಾರಿನ ಸೀರೆ, ಗಾಡಿಗೆ ಒಡೆಯುವ ಬೂದುಗುಂಬಳ, ಮಾರುದ್ದಕ್ಕೆ ಕೇಳಿದಷ್ಟು ಕೊಟ್ಟು ತಂದ ಸೇವಂತಿಗೆ ಎಲ್ಲವೂ ಮುಗಿದ ಕಥೆ.

ಇನ್ನೊಂದು ಮಾತು. ಬಡ್ಡಿಯನ್ನು ತೆಗೆಯದೆ ಬಿಟ್ಟರೆ ಅದಕ್ಕೆ ಬಡ್ಡಿ ಹುಟ್ಟುವುದಿಲ್ಲ. ಉಳಿತಾಯ ಖಾತೆಗೆ ತಾನಾಗಿ ಜಮೆಯಾಗುವಂತೆ ಬರೆದುಕೊಡಬೇಕು. ನನ್ನ ಬಡ್ಡಿ ವರ್ಷಕ್ಕೆ 1,23,000. ಹಿರಿಯರಿಗೆ ಟಿಡಿಎಸ್ ಮಿತಿ 2025ರ ಏಪ್ರಿಲ್‌ನಿಂದ ಒಂದು ಲಕ್ಷ. ತೆರಿಗೆ ಕಟ್ಟುವಷ್ಟು ಆದಾಯವಿಲ್ಲದವರೂ ವರ್ಷದ ಆರಂಭದಲ್ಲಿ ಸ್ವಯಂಘೋಷಣೆ ಕೊಡದಿದ್ದರೆ ಹತ್ತನೆಯ ಒಂದು ಪಾಲು ಮುರಿದುಕೊಳ್ಳುತ್ತಾರೆ. ವಾಪಸು ಬರುತ್ತದೆ, ನಿಜ. ಆದರೆ ಹಬ್ಬ ಕಳೆದ ಮೇಲೆ.

ಮಳೆ ಬಿಟ್ಟ ಮೇಲೆ ನಾವು ಸಂಜೆ ತುಂಗೆಯ ದಡದ ಕೋರ್ಪಲಯ್ಯನ ಛತ್ರದ ಕಡೆ ನಡೆಯುತ್ತೇವೆ. ಮಳೆಗಾಲದಲ್ಲಿ ಮಂಟಪ ಮುಳುಗಿತೇ ಎಂದು ನೋಡಲು ಊರೇ ಬಂದು ಸೇರುವ ಜಾಗ ಅದು. ನವರಾತ್ರಿ ಹೊತ್ತಿಗೆ ನೀರು ಇಳಿದು ಮೆಟ್ಟಿಲುಗಳು ಒಂದೊಂದೇ ಮೇಲೇಳುತ್ತವೆ. ಮಂಟಪದ ಕಲ್ಲಿಗೆ ಹೊಳೆ ಬಳಿದು ಹೋದ ಕೆಂಪು ಮಣ್ಣು ಅಂಟಿಕೊಂಡಿರುತ್ತದೆ. ನಮ್ಮ ದುಡ್ಡಿನ ಮಾತುಕತೆಗಳೆಲ್ಲ ಈ ನಡಿಗೆಯಲ್ಲೇ. ಮನೆಯಲ್ಲಿ ಕೂತು ಮಾತನಾಡಿದರೆ ಜಗಳಕ್ಕೆ ತಿರುಗುತ್ತದೆ. ನಡೆಯುವಾಗ ಏದುಸಿರು ಬರುವುದರಿಂದ ಇಬ್ಬರೂ ಚುಟುಕಾಗಿ ಹೇಳಿ ಮುಗಿಸುತ್ತೇವೆ.

ಜಗಳ ಏನಿದ್ದರೂ ಬಸ್ ನಿಲ್ದಾಣದಲ್ಲಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗಿನಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಅವಳಿಗೆ ಸೊನ್ನೆ ಟಿಕೆಟ್. ನನಗೆ ಹಿರಿಯ ನಾಗರಿಕನೆಂದು ಶೇ 25 ರಿಯಾಯಿತಿ. ಭದ್ರಾವತಿಗೆ ತೊಂದರೆಯಿಲ್ಲ, ಕೆಂಪು ಬಸ್ಸುಗಳು ಬೇಕಾದಷ್ಟಿವೆ. ತೀರ್ಥಹಳ್ಳಿ ಕಡೆಗೆ ಹೊರಟರೆ ಖಾಸಗಿಯವರದೇ ದರ್ಬಾರು. ಕ್ಲೀನರ್ ಬಾಗಿಲಲ್ಲಿ ಜೋತುಬಿದ್ದು ಮಂಡಗದ್ದೆ, ತೀರ್ಥಳ್ಳಿ ಎಂದು ಕೂಗುತ್ತಿರುತ್ತಾನೆ, ಕಿಟಕಿ ಪಕ್ಕದ ಸೀಟೂ ಖಾಲಿ ಇರುತ್ತದೆ.

“ಹತ್ತು ಮಾರಾಯ್ತಿ, ಹೊರಟೇ ಬಿಡ್ತಾನೆ.”

“ಹೊರಡ್ಲಿ ಬಿಡಿ. ಕೆಂಪು ಬಸ್ ಬರುತ್ತೆ ಈಗ.”

“ನಿನ್ನ ಟಿಕೆಟ್ ನಾನು ತಗೊಳ್ತೀನಿ.”

“ಯಾವ ದುಡ್ಡಲ್ರೀ ತಗೊಳೋದು? ಪಿಂಚಣಿ ಜಾಸ್ತಿ ನಂದು, ಸೊನ್ನೆ ಟಿಕೆಟೂ ನಂದು.”

ಇದಕ್ಕೆ ಉತ್ತರ ಯಾವ ಹಣಕಾಸು ಪುಸ್ತಕದಲ್ಲೂ ಇಲ್ಲ. ಕಾಯುತ್ತೇವೆ. ಕಾಯುವಾಗ ನಾನು ಎರಡು ಸಲ ಕಾಫಿ ಕುಡಿದು ಉಳಿತಾಯವನ್ನೆಲ್ಲ ಸರಿದೂಗಿಸಿಬಿಡುತ್ತೇನೆ.

2025ರಲ್ಲಿ ಎರಡು ಸಂಗತಿ ಒಟ್ಟಿಗೆ ಕೂಡಿಬಂದವು. ನನಗೆ ಎಪ್ಪತ್ತು ತುಂಬಿತು, ಅದೇ ವರ್ಷ ಅಂಚೆ ಕಚೇರಿಯ ಅವಧಿಯೂ ಮುಗಿದು ಹದಿನೈದು ಲಕ್ಷ ಉಳಿತಾಯ ಖಾತೆಗೆ ಬಂದು ಕೂತಿತು. ಎಪ್ಪತ್ತಕ್ಕೆ ಭೀಮರಥ ಶಾಂತಿ ಮಾಡಬೇಕು ಎಂದು ಮಗ ಬೆಂಗಳೂರಿನಿಂದ, ಮಗಳು ಮೈಸೂರಿನಿಂದ ಫೋನ್ ಹಚ್ಚಿದರು. ಅರವತ್ತಕ್ಕೆ ಏನೂ ಮಾಡಿಲ್ಲ, ಈಗಲಾದರೂ ಛತ್ರ ಹಿಡಿದು ಎಲ್ಲರನ್ನೂ ಕರೆಯೋಣ ಎಂಬುದು ಅವರ ಹಂಬಲ. ಅಡುಗೆಯವರು ಎಲೆಗೆ ಮುನ್ನೂರರ ಮೇಲೆ ಹೇಳಿದರು. ಛತ್ರದ ಬಾಡಿಗೆ, ಪುರೋಹಿತರ ದಕ್ಷಿಣೆ, ಮುತ್ತೈದೆಯರಿಗೆ ರವಿಕೆ ಕಣ, ಫೋಟೋದವನು, ಬಂದವರಿಗೆ ತಾಂಬೂಲದ ಚೀಲ ಎಲ್ಲ ಸೇರಿಸಿದರೆ ಮೂರು ಲಕ್ಷಕ್ಕೆ ಹತ್ತಿರ. ಹೇಗೂ ದುಡ್ಡು ಖಾತೆಯಲ್ಲೇ ಇದೆಯಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಇದ್ದದ್ದು ಎಲ್ಲರಿಗೂ ಗೊತ್ತಿತ್ತು.

ಹೊಳೆ ದಂಡೆಯಲ್ಲಿ ನಡೆಯುತ್ತ ಅವಳೇ ಲೆಕ್ಕ ಹಾಕಿದಳು, ಗಣಿತ ಕಲಿಸಿದವಳು. ಮೂರು ಲಕ್ಷ ಅಸಲಿನಿಂದ ತೆಗೆದರೆ ಶೇ 8.2ರಂತೆ ವರ್ಷಕ್ಕೆ 24,600 ಬಡ್ಡಿ ಹೋಗುತ್ತದೆ. ಮೂರು ತಿಂಗಳಿಗೊಮ್ಮೆ ಬರುವ 30,750ರಲ್ಲಿ 6,150 ಕಡಿತ. ಅದೂ ಒಂದು ವರ್ಷಕ್ಕಲ್ಲ, ನಾವಿರುವವರೆಗೂ. ಮುಂದಿನ ಪ್ರತಿ ದಸರೆಯಲ್ಲೂ ಆ ಒಂದು ಮಧ್ಯಾಹ್ನದ ಊಟದ ಕಂತು ಕಟ್ಟುತ್ತಿರಬೇಕು. ಮಗ ತಾನೇ ಕೊಡುತ್ತೇನೆ ಎಂದ. ಅವನ ಮನೆ ಸಾಲದ ಕಂತು ನನಗೆ ಗೊತ್ತು. ಸಾಲಗಾರ ಮಗನಿಂದ ಶಾಂತಿ ಮಾಡಿಸಿಕೊಂಡರೆ ಯಾರಿಗೆ ಶಾಂತಿ?

ಹೋಮ ಮನೆಯಲ್ಲೇ ಆಯಿತು. ಮಾರನೇ ದಿನ ಭದ್ರಾವತಿ ಹಳೇನಗರದ ಲಕ್ಷ್ಮೀನರಸಿಂಹ ದೇವಸ್ಥಾನದಲ್ಲಿ ಪೂಜೆ. ಹದಿಮೂರನೇ ಶತಮಾನದ ಹೊಯ್ಸಳರ ಗುಡಿ ಅದು, ಮೂರು ಗರ್ಭಗುಡಿಗಳದು. ನೌಕರಿಗೆ ಸೇರಿದ ಹೊಸದರಲ್ಲಿ ಮೊದಲ ಸಂಬಳದಿಂದ ಕಾಯಿ ಒಡೆಸಿದ್ದೂ ಅಲ್ಲೇ. ಊಟ ತಂಗಿಯ ಮನೆಯ ಟೆರೇಸಿನ ಮೇಲೆ, ಶಾಮಿಯಾನ ಹಾಕಿ, ಹತ್ತಿರದವರಿಗೆ ಮಾತ್ರ. ಆಷಾಢದ ಬಡ್ಡಿಯೊಳಗೇ ಮುಗಿಯಿತೆಂದು ಹೇಳಿದರೆ ಸುಳ್ಳಾದೀತು, ಸ್ವಲ್ಪ ಮೀರಿತು. ಅಸಲು ಮಾತ್ರ ಪೂರ್ತಿ ಹೊಸ ಖಾತೆಗೆ ಹೋಯಿತು. ಕರೆಯಲಿಲ್ಲ ಎಂದು ಮುನಿಸಿಕೊಂಡವರಿದ್ದಾರೆ. ದೀಪಾವಳಿಗೆ ಕಜ್ಜಾಯ ಕಳಿಸಿ ಸಮಾಧಾನ ಮಾಡುವ ಕೆಲಸ ಅವಳದು, ಇನ್ನೂ ನಡೆಯುತ್ತಿದೆ.

ಮುಯ್ಯಿಯ ಕಥೆ ಇದಕ್ಕಿಂತ ಬಿಗಿ. ಅವಳ ಬಳಿ ಶಾಲೆಯ ಕಾಲದ ಉದ್ದನೆಯ ಹಾಜರಿ ಪುಸ್ತಕವೊಂದಿದೆ. ಎಡಪುಟದಲ್ಲಿ ಬಂದದ್ದು, ಬಲಪುಟದಲ್ಲಿ ಕೊಟ್ಟದ್ದು. ನಮ್ಮ ಮದುವೆಗೆ ಹಿತ್ತಾಳೆ ಕೊಳಗ ಕೊಟ್ಟವರ ಮೊಮ್ಮಗಳ ಮದುವೆಗೆ ಎಷ್ಟು ಕೊಡಬೇಕು ಎಂಬುದನ್ನು ಅವಳು ನೂರೊಂದು, ಐನೂರೊಂದು ಎಂದು ಗೀಟು ಹಾಕಿ ತೀರ್ಮಾನಿಸುತ್ತಾಳೆ. ಮೊದಲೆಲ್ಲ ಹತ್ತಿರದ ಸಂಬಂಧದ ಮಗುವಿನ ನಾಮಕರಣಕ್ಕೆ ಒಂದು ಗ್ರಾಂ ಚಿನ್ನದ ಉಂಗುರ ಎಂಬುದು ರೂಢಿ. 2025ರ ಏಪ್ರಿಲ್‌ನಲ್ಲಿ ಹತ್ತು ಗ್ರಾಂ ಚಿನ್ನ ಲಕ್ಷ ಮುಟ್ಟಿತು. ಉಂಗುರದ ರೂಢಿ ಅಲ್ಲಿಗೆ ಬಿಟ್ಟುಹೋಯಿತು. ಈಗ ಬೆಳ್ಳಿ ಬಟ್ಟಲೂ ಇಲ್ಲ, ಲಕೋಟೆ. ಆಮಂತ್ರಣದಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂದಿದ್ದರೆ ನಾನು ನಿಜವೆಂದೇ ನಂಬುತ್ತೇನೆ, ಅವಳು ನಂಬುವುದಿಲ್ಲ. ವರ್ಷದ ಮುಯ್ಯಿಗೆ ಒಂದು ಮಿತಿ ಹಾಕಿಕೊಂಡಿದ್ದೇವೆ. ಮಿತಿ ಮುಗಿದರೆ ಅಕ್ಷತೆ ಹಾಕಿ, ಊಟ ಮಾಡಿ, ಲಕೋಟೆಯಿಲ್ಲದೆ ಬರುವುದು ಎಂಬ ಕರಾರು. ಈವರೆಗೆ ಹಾಗೆ ಬರುವ ಧೈರ್ಯ ಅವಳಿಗೆ ಬಂದಿಲ್ಲ.

ಮುಂದಿನ ಶರತ್ಕಾಲಕ್ಕೆ ಅವಳಿಗೆ ಕಾಶಿ ಬೇಕು. ನನಗೆ ತಾಳಗುಪ್ಪದವರೆಗೆ ರೈಲಿನಲ್ಲಿ ಹೋಗಿ ಜೋಗ ನೋಡಿ ಬಂದರೆ ಸಾಕು. 2020ರ ಮಾರ್ಚ್‌ಗೆ ಮೊದಲಾಗಿದ್ದರೆ ರೈಲಿನಲ್ಲಿ ನನಗೆ ಶೇ 40, ಅವಳಿಗೆ ಶೇ 50 ರಿಯಾಯಿತಿ ಇತ್ತು. ಕೊರೊನಾ ಕಾಲದಲ್ಲಿ ತೆಗೆದದ್ದು ತೆಗೆದ ಹಾಗೇ ಉಳಿಯಿತು. ದೂರದ ಪ್ರಯಾಣಕ್ಕೆ ನಮ್ಮಂಥವರ ಲೆಕ್ಕ ತಪ್ಪುವುದು ಇಲ್ಲೇ. ಅಕ್ಟೋಬರ್ ಬಡ್ಡಿ ಬರಲಿ, ಆಮೇಲೆ ನೋಡೋಣ ಎಂದೆ. ಟಿಕೆಟ್ ಈಗ ಅರವತ್ತು ದಿನ ಮೊದಲು ಸಿಗುತ್ತದೆ, ಅಕ್ಟೋಬರ್‌ಗೆ ಹೋಗಬೇಕಾದರೆ ಆಗಸ್ಟ್‌ನಲ್ಲೇ ದುಡ್ಡು ಬೇಕು ಎಂದಳು. ಅಂದರೆ ಮತ್ತೆ ಆಷಾಢದ ಬಡ್ಡಿಯೇ. ಅದಕ್ಕೆ ಈಗಾಗಲೇ ಭದ್ರಾವತಿಯಲ್ಲಿ ತಂಗಿಯ ಮಗನ ಗೃಹಪ್ರವೇಶವೂ ಪಾಲು ಕೇಳುತ್ತಿದೆ.