ಅಬ್ಬಾರ ಗಾಡಿಯ ಮೂರು ತಿಂಗಳ ಡೀಸೆಲ್ ಲೆಕ್ಕ

ಅರ್ಥಶಾಸ್ತ್ರ ತರಗತಿಯಲ್ಲಿ ಸ್ಥಿರ ವೆಚ್ಚ ಮತ್ತು ಬದಲಾಗುವ ವೆಚ್ಚದ ಪಾಠ ಮುಗಿದ ದಿನ, ನಿಮ್ಮ ಮನೆಯದೇ ಒಂದು ಉದಾಹರಣೆ ಬರೆದು ತನ್ನಿ ಎಂದು ನಮ್ಮ ಉಪನ್ಯಾಸಕರು ಹೇಳಿದರು. ನಾನು ಅಬ್ಬಾರ ಗಾಡಿಯನ್ನು ತೆಗೆದುಕೊಂಡೆ. ಅಬ್ಬಾರದು ಟಾಟಾ ಏಸ್, ಎಲ್ಲರೂ 'ಛೋಟಾ ಹಾಥಿ' ಎನ್ನುವ ಸಣ್ಣ ಡೀಸೆಲ್ ಗಾಡಿ. ಚಿಕ್ಕಮಗಳೂರಿನ ಎಪಿಎಂಸಿಯಿಂದ ತರಕಾರಿ, ಈರುಳ್ಳಿ ತುಂಬಿಕೊಂಡು ಸುತ್ತಲಿನ ಊರುಗಳ ಅಂಗಡಿಗಳಿಗೆ ಇಳಿಸಿ ಬರುವುದು ಅವರ ಕೆಲಸ. ಸಾಲದ ಕಂತು, ವಿಮೆ, ತೆರಿಗೆ ಇವು ಗಾಡಿ ನಿಂತಿದ್ದರೂ ಕಟ್ಟಬೇಕಾದವು, ಆದ್ದರಿಂದ ಸ್ಥಿರ ವೆಚ್ಚ. ಡೀಸೆಲ್, ಟೈರ್, ಪಂಕ್ಚರ್ ಬದಲಾಗುವ ವೆಚ್ಚ. ಇಷ್ಟು ಬರೆಯಲು ಹತ್ತು ನಿಮಿಷ ಸಾಕಾಯಿತು. ಆದರೆ ಡೀಸೆಲ್ ಎಂಬ ಸಾಲಿನ ಮುಂದೆ ಹಾಕಲು ಮೊತ್ತ ಇರಲಿಲ್ಲ. ಅಬ್ಬಾರನ್ನು ಕೇಳಿದರೆ, "ದಿನಾ ನಾನೂರೋ ಐನೂರೋ ಹಾಕಿಸ್ತೀನಿ ಬೇಟಿ, ಲೆಕ್ಕ ಯಾರು ಇಟ್ಟಿದ್ದಾರೆ?" ಎಂದರು.

ನಮ್ಮ ಮನೆಯ ಅತಿ ದೊಡ್ಡ ಖರ್ಚಿಗೇ ಲೆಕ್ಕವಿರಲಿಲ್ಲ. ಅದೇ ಜುಲೈನಲ್ಲಿ ಗಾಡಿಯ ಕಂತು ತಡವಾಗಿ ದಂಡ ಬಿದ್ದಿತ್ತು. ಮುಂದಿನ ವರ್ಷ ನಾನು ಬಿಕಾಂ ಸೇರಬೇಕು ಎಂಬ ಮಾತು ಬಂದಾಗಲೆಲ್ಲ ಅಮ್ಮಿ ಮಾತು ಬದಲಿಸುತ್ತಿದ್ದರು. ಬಾಡಿಗೆ ಹೆಚ್ಚಿಸಿ ಎಂದು ಅಬ್ಬಾರಿಗೆ ಹೇಳುವಂತಿಲ್ಲ. ಮಂಡಿಯಲ್ಲಿ ಇಂಥ ಗಾಡಿಗಳು ಸಾಲುಗಟ್ಟಿ ನಿಂತಿರುತ್ತವೆ. ಇವರು ಐವತ್ತು ರೂಪಾಯಿ ಹೆಚ್ಚು ಕೇಳಿದರೆ ಪಕ್ಕದ ಗಾಡಿಗೆ ಮೂಟೆ ಹೋಗುತ್ತದೆ. ಪುಸ್ತಕದಲ್ಲಿ 'ಬೆಲೆ ಸ್ವೀಕರಿಸುವವರು' ಎಂದು ಓದುತ್ತೇವಲ್ಲ, ಅವರು ನಮ್ಮ ಮನೆಯಲ್ಲೇ ಇದ್ದಾರೆ. ಡೀಸೆಲ್ ಬೆಲೆಯೂ ನಮ್ಮ ಕೈಯಲ್ಲಿಲ್ಲ. 2025ರ ಏಪ್ರಿಲ್ 1ರಂದು ರಾಜ್ಯದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿ ಲೀಟರಿಗೆ ಸುಮಾರು 2 ರೂಪಾಯಿ ಹೆಚ್ಚಾಯಿತು. ಪೆಟ್ರೋಲ್, ಡೀಸೆಲ್ ಇನ್ನೂ ಜಿಎಸ್‌ಟಿಯೊಳಗೆ ಬಂದಿಲ್ಲ ಎಂಬುದು ವಾಣಿಜ್ಯದವರಿಗೆಲ್ಲ ಗೊತ್ತೇ ಇದೆ. ಉಳಿದದ್ದು ಒಂದೇ: ಒಂದು ಲೀಟರಿನಲ್ಲಿ ಗಾಡಿ ಎಷ್ಟು ದೂರ ಹೋಗುತ್ತದೆ ಎಂಬುದು.

ಆಗಸ್ಟ್ 1ರಿಂದ ನೋಟ್‌ಬುಕ್ ಶುರು ಮಾಡಿದೆ. ಡೀಸೆಲ್ ಅಳೆಯುವ ಸರಿಯಾದ ವಿಧಾನ ಟ್ಯಾಂಕ್ ತುಂಬಿಸಿ ತುಂಬಿಸಿ ನೋಡುವುದು. ಒಂದು ದಿನ ಟ್ಯಾಂಕ್ ಪೂರ್ತಿ ತುಂಬಿಸಿ ಮೀಟರಿನ ಕಿಲೋಮೀಟರ್ ಬರೆದುಕೊಳ್ಳಬೇಕು. ಮತ್ತೆ ಪೂರ್ತಿ ತುಂಬಿಸಿದಾಗ ಎಷ್ಟು ಲೀಟರ್ ಹಿಡಿಯಿತೋ ಅಷ್ಟು ಖರ್ಚಾಗಿದೆ ಎಂದರ್ಥ. ದಿನಾ ಐನೂರು ರೂಪಾಯಿಗೆ ಹಾಕಿಸುತ್ತಿದ್ದರೆ ಈ ಲೆಕ್ಕ ಸಿಗುವುದಿಲ್ಲ. ಮೊದಲ ತಿಂಗಳು ಅಬ್ಬಾರಿಗೆ ಏನೂ ಹೇಳಲಿಲ್ಲ, ಸುಮ್ಮನೆ ಬರೆದೆ. ಆಗಸ್ಟ್‌ನಲ್ಲಿ 1,860 ಕಿಲೋಮೀಟರಿಗೆ 124 ಲೀಟರ್, ಅಂದರೆ ಲೀಟರಿಗೆ 15. ಲೀಟರಿಗೆ 91 ರೂಪಾಯಿ ಹಿಡಿದರೆ 11,284 ರೂಪಾಯಿ. ಅಮ್ಮಿ ಆ ಸಂಖ್ಯೆಯನ್ನು ಎರಡು ಸಲ ಓದಿಸಿದರು.

ಇಲ್ಲಿ ನಮ್ಮ ತರಗತಿಯ ಗೆಳತಿಯರೊಂದಿಗೆ ನಡೆದ ಒಂದು ವಾದವನ್ನು ಹೇಳಬೇಕು. "ಬರೀ 15ಕ್ಕೆ ನೀನು ಏನು ಉಳಿಸುತ್ತೀಯ? ನಮ್ಮ ಅಣ್ಣನ ಬೈಕನ್ನು 50ರಿಂದ 60ಕ್ಕೆ ತಂದರೆ ಅದು ಉಳಿತಾಯ" ಎಂದು ಒಬ್ಬಳು ಹೇಳಿದಳು. ಎಲ್ಲರೂ ಒಪ್ಪಿದರು. ಲೆಕ್ಕ ಹಾಕಿ ನೋಡಿ. 1,000 ಕಿಲೋಮೀಟರಿಗೆ 50ರ ಬೈಕು 20 ಲೀಟರ್ ಕುಡಿಯುತ್ತದೆ, 60 ಆದರೆ ಸುಮಾರು 16.7. ಉಳಿತಾಯ 3.3 ಲೀಟರ್. ಏಸ್ 15ರಿಂದ ಬರೀ 17ಕ್ಕೆ ಬಂದರೆ 66.7 ಲೀಟರ್ ಇದ್ದದ್ದು 58.8 ಆಗುತ್ತದೆ. ಉಳಿತಾಯ ಸುಮಾರು 8 ಲೀಟರ್. 'ಲೀಟರಿಗೆ ಎಷ್ಟು ಕಿಲೋಮೀಟರ್' ಎಂದು ಎಣಿಸುವುದರಿಂದ ಈ ಮೋಸ ಆಗುತ್ತದೆ. ಆದ್ದರಿಂದ ನಾನು '100 ಕಿಲೋಮೀಟರಿಗೆ ಎಷ್ಟು ಲೀಟರ್' ಎಂಬ ಇನ್ನೊಂದು ಕಾಲಂ ಗೆರೆ ಹಾಕಿಕೊಂಡೆ. ಕಾರು ಇರುವ ಉಪನ್ಯಾಸಕರಿಗೂ ಇದು ಉಪಯೋಗಕ್ಕೆ ಬರುತ್ತದೆ. ಕಡಿಮೆ ಮೈಲೇಜಿನ ಗಾಡಿಯಲ್ಲೇ ಉಳಿಸಲು ಹೆಚ್ಚು ಜಾಗವಿರುತ್ತದೆ.

ಸೆಪ್ಟೆಂಬರ್‌ನಲ್ಲಿ ಒಂದೊಂದೇ ಅಭ್ಯಾಸವನ್ನು ಹಿಡಿದೆವು. 'ಹಿಡಿದೆವು' ಎಂದು ಬರೆಯುವುದು ಸುಲಭ. ನನಗೆ ಹದಿನೇಳು, ಲೈಸೆನ್ಸ್ ಇಲ್ಲ, ಸ್ಟೀರಿಂಗ್ ಮುಟ್ಟಿಲ್ಲ. ಇಪ್ಪತ್ತು ವರ್ಷ ಓಡಿಸಿದವರಿಗೆ ನಾನು ಹೇಳಬೇಕು. ಮೊದಲ ದಿನವೇ ಅಬ್ಬಾ, "ಗಾಡಿ ನಾನು ಓಡಿಸ್ತಿರೋದಾ, ನೀನಾ?" ಎಂದು ಕೇಳಿ ಚಹಾ ಬಿಟ್ಟು ಎದ್ದು ಹೋದರು.

ದಾರಿ ಮಾಡಿಕೊಟ್ಟವರು ದಾದಿ. ಮನೆಯಲ್ಲಿ ವುಜೂ ಮಾಡುವಾಗ ಯಾರಾದರೂ ನಲ್ಲಿ ತಿರುಗಿಸಿ ಬಿಟ್ಟರೆ ದಾದಿ ಒಳಗಿನಿಂದಲೇ "ಇಸ್ರಾಫ್!" ಎಂದು ಗದರುತ್ತಾರೆ. ವ್ಯರ್ಥ ಮಾಡುವುದು ಗುನಾಹ್ ಎಂದು ಅವರಿಂದಲೇ ನಾವೆಲ್ಲ ಕಲಿತದ್ದು. ಒಂದು ಬೆಳಿಗ್ಗೆ ಅಬ್ಬಾ ಮನೆ ಮುಂದೆ ಗಾಡಿ ಚಾಲೂ ಮಾಡಿ ಒಳಗೆ ಬಂದು ನಾಷ್ಟಾ ಮಾಡುತ್ತಿದ್ದರು. "ದಾದಿ, ಹೊರಗೆ ನಲ್ಲಿ ಬಿಟ್ಟಿದ್ದಾರೆ" ಎಂದೆ. ದಾದಿಗೆ ತಕ್ಷಣ ಅರ್ಥವಾಯಿತು. ಅಬ್ಬಾ ನಗುತ್ತಾ ಎದ್ದು ಹೋಗಿ ಗಾಡಿ ಆರಿಸಿದರು. ಮಂಡಿಯಲ್ಲಿ ಮೂಟೆ ಹೇರುವಾಗ, ಅಂಗಡಿ ಮುಂದೆ ಚೀಟಿಗೆ ಕಾಯುವಾಗ ಸೇರಿ ದಿನಕ್ಕೆ 40 ನಿಮಿಷವಾದರೂ ಎಂಜಿನ್ ಸುಮ್ಮನೆ ಓಡುತ್ತಿತ್ತು. 26 ದಿನಕ್ಕೆ 17 ಗಂಟೆ. ಗಂಟೆಗೆ 300 ಮಿಲಿ ಎಂದು ಹಿಡಿದರೂ ತಿಂಗಳಿಗೆ 5 ಲೀಟರ್, 450 ರೂಪಾಯಿಗೂ ಹೆಚ್ಚು. ಒಂದು ಕಿಲೋಮೀಟರೂ ಹೋಗದೆ ಸುಟ್ಟ ದುಡ್ಡು ಇದು. ಸಿಗ್ನಲ್‌ನಲ್ಲಿ ಕಾಲು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಕಾದರೂ ಆರಿಸುವುದೇ ಲಾಭ.

ಎರಡನೆಯದು ಬ್ರೇಕ್. ಬ್ರೇಕ್ ಒತ್ತಿದಾಗ ಡೀಸೆಲ್ ಖರ್ಚಾಗುವುದಿಲ್ಲವಲ್ಲ ಎಂದು ನಾನೂ ಅಂದುಕೊಂಡಿದ್ದೆ. ಭೌತಶಾಸ್ತ್ರ ಉಪನ್ಯಾಸಕರ ಬಳಿ ಹೋಗಿ ಕೇಳಿದಾಗ ಅವರು ಹಲಗೆಯ ಮೇಲೆ ಚಲನ ಶಕ್ತಿಯ ಸೂತ್ರ ಬರೆದರು. ಗಾಡಿ ಮತ್ತು ಸರಕು ಸೇರಿ 1,500 ಕಿಲೋ, ವೇಗ ಗಂಟೆಗೆ 54 ಕಿಲೋಮೀಟರ್ ಅಂದರೆ ಸೆಕೆಂಡಿಗೆ 15 ಮೀಟರ್. ಅದರಲ್ಲಿರುವ ಶಕ್ತಿ ಸುಮಾರು 1,69,000 ಜೂಲ್. ಪೂರ್ತಿ ಬ್ರೇಕ್ ಹಾಕಿ ನಿಲ್ಲಿಸಿದರೆ ಅಷ್ಟೂ ಶಾಖವಾಗಿ ಹೋಗುತ್ತದೆ. ಮತ್ತೆ ಅದೇ ವೇಗಕ್ಕೆ ಬರಲು ಅಷ್ಟನ್ನೂ ಡೀಸೆಲಿನಿಂದಲೇ ತೆಗೆಯಬೇಕು. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 3.6 ಕೋಟಿ ಜೂಲ್ ಇದ್ದರೂ ಎಂಜಿನಿನಿಂದ ಅದರಲ್ಲಿ 30 ಶೇಕಡ ಕೆಲಸಕ್ಕೆ ಸಿಕ್ಕರೆ ಹೆಚ್ಚು. ಹಾಗೆ ಹಿಡಿದರೆ ಒಂದು ಸಲ ನಿಂತು ಹೊರಡುವುದಕ್ಕೆ ಸುಮಾರು 15 ಮಿಲಿ, ಅಂದರೆ 1 ರೂಪಾಯಿ 40 ಪೈಸೆ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿದ್ದರೆ ಅದೇ ಖರ್ಚು 7 ಮಿಲಿಗೆ ಇಳಿಯುತ್ತದೆ. ವೇಗದ ವರ್ಗ ಲೆಕ್ಕಕ್ಕೆ ಬರುವುದರಿಂದ ಹೀಗೆ.

ಆ ದಿನ ನಾನು ಅಬ್ಬಾರ ಪಕ್ಕ ಕೂತು ಹನುಮಂತಪ್ಪ ಸರ್ಕಲ್‌ನಿಂದ ಮನೆಯವರೆಗೆ ಹಂಪ್‌ಗಳನ್ನು ಎಣಿಸಿದೆ. ಎರಡು ಹಂಪ್ ನಡುವೆ ಜೋರಾಗಿ ಒತ್ತುವುದು, ಹತ್ತಿರ ಬಂದಾಗ ಗಬಕ್ಕನೆ ಬ್ರೇಕ್, ಮತ್ತೆ ಒತ್ತುವುದು. "ಪ್ರತಿ ಹಂಪಿಗೂ ಒಂದು ರೂಪಾಯಿ ಕಿಟಕಿಯಿಂದ ಎಸೆದ ಹಾಗೆ ಅಬ್ಬಾ" ಎಂದೆ. ಅಬ್ಬಾ ಉತ್ತರ ಕೊಡಲಿಲ್ಲ. ಮರುದಿನ ಹಂಪ್ ಕಂಡ ಕೂಡಲೇ ದೂರದಿಂದಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆದದ್ದನ್ನು ನೋಡಿದೆ. ನಾನು ನೋಡಿದ್ದು ಅವರಿಗೆ ಗೊತ್ತಾಗಬಾರದೆಂದು ಕಿಟಕಿ ಕಡೆ ತಿರುಗಿದೆ.

ಉಳಿದವು ಸಣ್ಣವು. ಗಾಳಿಯನ್ನು ಟೈರಿಗೆ ಒದ್ದು ನೋಡುವ ಬದಲು ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಟೈರ್ ತಣ್ಣಗಿರುವಾಗ ಬಂಕ್‌ನಲ್ಲಿ ಅಳೆಸುವುದು, ಧೂಳು ತುಂಬಿದ ಏರ್ ಫಿಲ್ಟರ್ ಬದಲಿಸುವುದು, ಹಿಂದೆ ಸುಮ್ಮನೆ ಬಿದ್ದಿದ್ದ ಕಬ್ಬಿಣದ ಸಾಮಾನು ಇಳಿಸುವುದು, ಖಾಲಿ ರಸ್ತೆ ಸಿಕ್ಕಿತೆಂದು 70ಕ್ಕೆ ಹೋಗದೆ 45ರಿಂದ 55ರೊಳಗೆ ಮೇಲಿನ ಗೇರಿನಲ್ಲಿ ಹೋಗುವುದು. ಸೆಪ್ಟೆಂಬರ್ ಲೆಕ್ಕ: 1,904 ಕಿಲೋಮೀಟರ್, 112 ಲೀಟರ್, ಲೀಟರಿಗೆ 17. ಹಳೆಯ ರೀತಿಯಲ್ಲಿ ಓಡಿಸಿದ್ದರೆ ಬೇಕಾಗುತ್ತಿದ್ದದ್ದಕ್ಕಿಂತ ಸುಮಾರು 15 ಲೀಟರ್ ಕಡಿಮೆ, 1,360 ರೂಪಾಯಿ. ಒಂದು ಲೀಟರ್ ಡೀಸೆಲ್ ಸುಟ್ಟರೆ ಎರಡೂವರೆ ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಆ ಲೆಕ್ಕದಲ್ಲಿ 40 ಕಿಲೋ ಹೊಗೆಯೂ ತಪ್ಪಿತು. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಇದೆಲ್ಲ ಅಭ್ಯಾಸದಿಂದಲೇ ಬಂದದ್ದಲ್ಲ. ಆಗಸ್ಟ್‌ನಲ್ಲಿ ಮಳೆ ಹೆಚ್ಚಿತ್ತು, ಫಿಲ್ಟರ್ ಹೊಸದಾದದ್ದೂ ಸೇರಿದೆ. ಸಂಖ್ಯಾಶಾಸ್ತ್ರದವರು ನನ್ನನ್ನು ಹಿಡಿಯುವ ಮೊದಲು ನಾನೇ ಹೇಳಿಬಿಡುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ಅಬ್ಬಾ ನನಗಿಂತ ಮೊದಲೇ 'ಉಳಿತಾಯ' ಮಾಡುತ್ತಿದ್ದರು. ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ಬಿಡುವುದು. ನಾನೂ ಅದನ್ನು ನೋಟ್‌ಬುಕ್ಕಿನಲ್ಲಿ ಒಳ್ಳೆಯ ಅಭ್ಯಾಸಗಳ ಪಟ್ಟಿಗೆ ಸೇರಿಸಿದ್ದೆ. ಈ ಲೇಖನ ಬರೆಯಲು ಮುಖ್ಯ ಕಾರಣ ಅದೇ.

ದಸರಾ ರಜೆಯಲ್ಲಿ ಬೆಳ್ತಂಗಡಿಗೆ ಒಂದು ಲೋಡ್ ಇತ್ತು. ಉಜಿರೆಯಲ್ಲಿ ಖಾಲಾ ಮನೆ ಇರುವುದರಿಂದ ನಾನೂ ಹೊರಟೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಮಂಜು ಮುಸುಕಿತ್ತು. ಅಬ್ಬಾ ನ್ಯೂಟ್ರಲ್ ಹಾಕಿದರು. "ಬರ್ಕೋ, ಇಲ್ಲಿಂದ ಕೆಳಗಿನವರೆಗೆ ಡೀಸೆಲ್ ಇಲ್ಲ" ಎಂದು ನನಗೇ ಹೇಳಿದರು. ನಾನು ಬರೆದುಕೊಂಡೆ. ಕೆಲವು ತಿರುವು ಆದ ಮೇಲೆ ಸುಟ್ಟ ವಾಸನೆ ಬಂತು. ಮುಂದಿನ ತಿರುವಿನಲ್ಲಿ ಅಬ್ಬಾ ಬ್ರೇಕ್ ಒತ್ತಿದರು. ಪೆಡಲ್ ಒಳಗೆ ಹೋಯಿತು, ಗಾಡಿ ನಿಧಾನವಾಗಲಿಲ್ಲ. ಅವರು "ಯಾ ಅಲ್ಲಾಹ್" ಎಂದದ್ದು, ಗೇರ್ ಕರ್ ಎಂದು ಶಬ್ದ ಮಾಡಿ ಬಿದ್ದದ್ದು, ಹ್ಯಾಂಡ್‌ಬ್ರೇಕ್ ಎಳೆದದ್ದು, ಎಡಗಡೆಯ ಮಣ್ಣಿನ ದಿಬ್ಬಕ್ಕೆ ಒರಗಿ ನಿಂತದ್ದು ಎಲ್ಲ ಒಟ್ಟಿಗೇ ಆಯಿತು. ಬಲಗಡೆ ಏನಿತ್ತು ಎಂಬುದು ಮಂಜಿನಲ್ಲಿ ಕಾಣುತ್ತಿರಲಿಲ್ಲ. ಚಕ್ರಗಳಿಂದ ಹೊಗೆ ಬರುತ್ತಿತ್ತು. ಮುಕ್ಕಾಲು ಗಂಟೆ ಅಲ್ಲೇ ಕೂತೆವು. ಅಬ್ಬಾ ಕೈ ನಡುಗುತ್ತಿದ್ದುದನ್ನು ಮರೆಮಾಡಲು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದರು.

ಉಜಿರೆಯಲ್ಲಿ ಮೆಕ್ಯಾನಿಕ್ ಹೇಳಿದ್ದನ್ನು, ಆಮೇಲೆ ನಮ್ಮ ಉಪನ್ಯಾಸಕರು ಬಿಡಿಸಿ ಹೇಳಿದ್ದನ್ನು ಸೇರಿಸಿ ಬರೆಯುತ್ತಿದ್ದೇನೆ. ಗಾಡಿ ಗೇರಿನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ, ಇಳಿಜಾರಿನಲ್ಲಿ ಚಕ್ರಗಳೇ ಎಂಜಿನನ್ನು ತಿರುಗಿಸುತ್ತವೆ. ಆಗ ಎಂಜಿನಿಗೆ ಡೀಸೆಲ್ ಬೇಡ, ಇಂಜೆಕ್ಷನ್ ಸರಬರಾಜು ನಿಲ್ಲಿಸುತ್ತದೆ. ನ್ಯೂಟ್ರಲ್ ಹಾಕಿದರೆ ಚಕ್ರಕ್ಕೂ ಎಂಜಿನಿಗೂ ಸಂಬಂಧ ಕಡಿದುಹೋಗುತ್ತದೆ. ಎಂಜಿನ್ ಆರಿಹೋಗದಿರಲು ಅದು ಡೀಸೆಲ್ ಕುಡಿಯುತ್ತಲೇ ಇರಬೇಕು. ಅಂದರೆ ನ್ಯೂಟ್ರಲ್‌ನಲ್ಲಿ ಇಳಿದರೆ ಗೇರಿನಲ್ಲಿ ಇಳಿಯುವುದಕ್ಕಿಂತ ಹೆಚ್ಚು ಡೀಸೆಲ್ ಖರ್ಚು! ಅಬ್ಬಾ ಈ ಅಭ್ಯಾಸ ಕಲಿತದ್ದು ಹಿಂದೆ ಕಾರ್ಬ್ಯುರೇಟರ್ ಇದ್ದ ಆಟೋ ಓಡಿಸುತ್ತಿದ್ದಾಗ. ಗಾಡಿ ಬದಲಾದರೂ ಅಭ್ಯಾಸ ಬದಲಾಗಿರಲಿಲ್ಲ.

ಇನ್ನೊಂದು ಲೆಕ್ಕ ಇದಕ್ಕಿಂತ ದೊಡ್ಡದು. ಗೇರಿನಲ್ಲಿದ್ದಾಗ ಗಾಡಿಯನ್ನು ಎಂಜಿನ್ ಕೂಡ ತಡೆದು ಹಿಡಿಯುತ್ತದೆ. ನ್ಯೂಟ್ರಲ್‌ನಲ್ಲಿ ಆ ಭಾರ ಬಹುಪಾಲು ಬ್ರೇಕ್ ಮೇಲೇ. 1,200 ಕಿಲೋ ಗಾಡಿ 100 ಮೀಟರ್ ಎತ್ತರ ಇಳಿದರೆ ಸುಮಾರು 11,76,000 ಜೂಲ್. ಮೂರೂವರೆ ಲೀಟರ್ ನೀರನ್ನು ಕುದಿಯಲು ತರುವಷ್ಟು ಶಾಖ ಅದು. ಘಾಟಿಯಲ್ಲಿ 100 ಮೀಟರ್ ಅಲ್ಲ, ನೂರು ನೂರಾಗಿ ಇಳಿಯುತ್ತಲೇ ಇರುತ್ತೇವೆ. ಬಿಸಿಯಾದ ಬ್ರೇಕ್ ಹಿಡಿತ ಕಳೆದುಕೊಳ್ಳುತ್ತದೆ. ಎಂಜಿನನ್ನೇ ಆರಿಸಿ ಇಳಿಯುವವರೂ ಇದ್ದಾರಂತೆ. ಆಗ ಬ್ರೇಕಿಗೆ ಎಂಜಿನಿನಿಂದ ಸಿಗುವ ಸಹಾಯ ನಿಂತು ಪೆಡಲ್ ಕಲ್ಲಾಗುತ್ತದೆ. ಹತ್ತುವಾಗ ಯಾವ ಗೇರ್ ಬೇಕಾಗುತ್ತದೋ ಇಳಿಯುವಾಗಲೂ ಅದೇ ಗೇರ್ ಎಂದು ಮೆಕ್ಯಾನಿಕ್ ಹೇಳಿದರು.

ವಾಪಸ್ ಬಂದ ರಾತ್ರಿ ನಾನು ನೋಟ್‌ಬುಕ್ಕಿನ ಆ ಸಾಲನ್ನು ಹೊಡೆದು ಹಾಕುತ್ತಿದ್ದೆ. ಅಬ್ಬಾ ನೋಡಿ, "ಹೊಡೆದು ಹಾಕಬೇಡ, ಪಕ್ಕದಲ್ಲಿ 'ತಪ್ಪು' ಅಂತ ಬರಿ" ಎಂದರು. ಹಾಗೇ ಬರೆದಿದ್ದೇನೆ. ಮಂಡಿಯ ಇತರ ಡ್ರೈವರ್‌ಗಳಿಗೆ ಅವರೇ ಈಗ ಇದನ್ನು ಹೇಳುತ್ತಾರೆ. ಮಗಳು ಹೇಳಿದಳು ಎಂದು ಮಾತ್ರ ಹೇಳುವುದಿಲ್ಲ, ಮೆಕ್ಯಾನಿಕ್ ಹೇಳಿದ ಎನ್ನುತ್ತಾರೆ.

ಅಕ್ಟೋಬರ್‌ನಲ್ಲಿ 1,740 ಕಿಲೋಮೀಟರ್, 106 ಲೀಟರ್, ಲೀಟರಿಗೆ 16.4. ಸೆಪ್ಟೆಂಬರ್‌ಗಿಂತ ಕಡಿಮೆ. ಘಾಟಿ ಹತ್ತಿ ಬಂದದ್ದು ಒಂದು ಕಾರಣ, ಹಬ್ಬದ ಲೋಡ್‌ಗಳ ಅವಸರದಲ್ಲಿ ಹಳೆಯ ಅಭ್ಯಾಸ ಮರಳಿದ್ದು ಇನ್ನೊಂದು. ಕಂತು ಮಾತ್ರ ಎರಡು ತಿಂಗಳಿಂದ ತಾರೀಖಿಗೆ ಸರಿಯಾಗಿ ಹೋಗಿದೆ.

ನಮ್ಮ ತರಗತಿಯ ಏಳು ಜನ ಮನೆಯ ಬೈಕು, ಆಟೋಗಳಿಗೆ ಇದೇ ರೀತಿ ನೋಟ್‌ಬುಕ್ ಶುರು ಮಾಡಿದ್ದಾರೆ. ನೀವೂ ಮಾಡುವುದಾದರೆ ಮೊದಲ ತಿಂಗಳು ಏನನ್ನೂ ಬದಲಿಸದೆ ಬರೀ ಬರೆಯಿರಿ, ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ. ಕಾಲಂ ಗೆರೆ ಹಾಕಿದ ಮಾದರಿ ಹಾಳೆಯನ್ನು ಗ್ರಂಥಾಲಯದ ಕೌಂಟರ್‌ನಲ್ಲಿ ಇಟ್ಟಿದ್ದೇನೆ.